ಹೊಸಿಲಪ್ಪ ಹೊರಿಸಿದ ತಪ್ಪು

"ಎಲ್ಲಿ, ಕೊಡಮ್ಮ ವನಜ ನಿನ್ನ ಡಬ್ಬ! ಒಳಗೇನಿದೆ ಅಂತ ಮಾತ್ರ ಬಾಯಿ ಬಿಡಬೇಡ!" ಎಂದರು ನಂಜುಂಡಾರಾಧ್ಯರು.

ವನಜಾಕ್ಷಿ ಬಿಸ್ಕತ್ತಿನ ಡಬ್ಬವನ್ನು ಸೆರಗಿನಿಂದ ಒರೆಸಿ ಎತ್ತಿಕೊಂಡಳು. ಅದರ ಮೇಲೆ ಕೆನ್ನೆ ಉಬ್ಬಿದ ಮಗುವೊಂದು ಬಿಸ್ಕತ್ತು ಕಚ್ಚುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಬೆಣ್ಣೆ ಬಿಸ್ಕತ್ತು' ಎಂದಿತ್ತು. ಒಳಗೆ ಬಿಸ್ಕತ್ತು ಇದ್ದದ್ದು ಯಾವ ಕಾಲದಲ್ಲೋ! ಈಗ ಇದ್ದದ್ದು ಸೂಜಿ, ದಾರದ ಉಂಡೆ, ಒಂದು ಕತ್ತರಿ, ಗಂಡನ ಹಳೆಯ ಅಂಗಿಗಳಿಂದ ಕಿತ್ತಿಟ್ಟ ಗುಂಡಿಗಳು.

ಅಡಿಗೆಮನೆಯ ಗೋಡೆಯನ್ನು ಆಳು ನುಗ್ಗುವಷ್ಟು ಅಗಲ ಒಡೆದು, ಆ ಜಾಗದಲ್ಲಿ ಆರಾಧ್ಯರು ಸ್ಟೀಲಿನ ಚೌಕಟ್ಟೊಂದನ್ನು ನಿಲ್ಲಿಸಿದ್ದರು. ಅದರ ಸುತ್ತ ಮದುವೆಮನೆಯ ಸೀರಿಯಲ್ ಸೆಟ್ಟು. ತಲೆಯ ಮೇಲೆ, ಸಂತೆಯಲ್ಲಿ ಇಲಿಪಾಷಾಣ ಮಾರುವವರು ಇಟ್ಟುಕೊಳ್ಳುವಂಥ ಮೈಕು. ಕೆಳಗೆ ಉರುಳೆಗಳ ಮೇಲೆ ಜಾರುವ ಒಂದು ಮಣೆ. ದೂರವಾಣಿ ಇಲಾಖೆಯಿಂದ ನಿವೃತ್ತರಾದಂದಿನಿಂದ ಅವರು ಕಂಡುಹಿಡಿದ ಯಂತ್ರಗಳಿಗೆ ತುಮಕೂರಿನ ಆ ಬೀದಿಯಲ್ಲಿ ಲೆಕ್ಕವಿಲ್ಲ, ಆದರೆ ಇಷ್ಟು ದೊಡ್ಡದನ್ನು ಯಾರೂ ನೋಡಿರಲಿಲ್ಲ. ಅವರು ಇದಕ್ಕೆ ಇಟ್ಟ ಹೆಸರು 'ಸ್ವರೂಪ ಪರಿವರ್ತನಾ ದ್ವಾರ'. ಅವರ ತಮ್ಮ ರೇಣುಕ, ಎಂದರೆ ವನಜಾಕ್ಷಿಯ ಗಂಡ, ಇಟ್ಟ ಹೆಸರು 'ಹೊಸಿಲಪ್ಪ'. ಉಳಿದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಡಬ್ಬ ಮಣೆಯ ಮೇಲೆ ಜಾರಿತು. ಹೊಸಿಲಪ್ಪ ಜೇನುಗೂಡಿನಂತೆ ಗುಂಯ್‌ಗುಟ್ಟಿದ. ತಿಳಿನೀಲಿ ಬೆಳಕೊಂದು ಡಬ್ಬವನ್ನು ಮೆಲ್ಲಗೆ ಸವರಿಕೊಂಡು ಹೋಯಿತು. ಆಚೆ ಕಡೆ ನಿಂತಿದ್ದ ಆರಾಧ್ಯರ ಹೆಂಡತಿ ಸರ್ವಮಂಗಳ ಮುಚ್ಚಳ ತೆಗೆದರು. ಘಮ್ಮೆಂದು ಬೆಣ್ಣೆಯ ವಾಸನೆ! ಸಾಲಾಗಿ ಜೋಡಿಸಿದ, ಅಂಚು ಕೆಂಪಗಾದ, ಹೊಚ್ಚ ಹೊಸ ಬಿಸ್ಕತ್ತು!

ವನಜಾಕ್ಷಿಯ ಮೈ ಜುಮ್ಮೆಂದಿತು. ಕೈಗಳು ತಾವಾಗಿ ಜೋಡಿಕೊಂಡವು. ಪವಾಡ ಎಂಬ ಮಾತನ್ನು ಪುರಾಣದಲ್ಲಿ ಕೇಳಿದ್ದಳೇ ಹೊರತು, ತನ್ನ ಹೊಲಿಗೆ ಸಾಮಾನಿಗೇ ಅದು ನಡೆಯುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನೋಡಿದ್ಯಾ!" ಎಂದು ಆರಾಧ್ಯರು ಒಂದನ್ನು ಬಾಯಿಗೆಸೆದುಕೊಂಡರು. "ಡಬ್ಬದ ಮೇಲೆ ಏನು ಬರೆದಿದೆಯೋ, ಈ ಕಡೆ ದಾಟಿದ ಮೇಲೆ ಒಳಗಿರೋದು ಅದೇ ಆಗಲೇಬೇಕು! ವಾಪಸ್ ಆ ಕಡೆ ದಾಟಿಸು, ಮೊದಲಿನ ಹಾಗೆ!"

ದಾಟಿಸಿದರು. ಸೂಜಿ, ದಾರ, ಕತ್ತರಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು. ವನಜಾಕ್ಷಿ ಬೆರಳಾಡಿಸಿ ನೋಡಿದಳು.

"ಭಾವ, ಇವರ ನೀಲಿ ಅಂಗಿ ಗುಂಡಿ ಕಾಣ್ತಿಲ್ವಲ್ಲ! ನೀವು ತಿಂದಿದ್ದು ಅದೇ!"

"ರುಚಿಯಾಗಿತ್ತು ಕಣಮ್ಮ!" ಎಂದು ಆರಾಧ್ಯರು ಇನ್ನೊಂದು ಸಲ ನಾಲಿಗೆ ಸವರಿಕೊಂಡರು.

* * *

ಇಷ್ಟೆಲ್ಲ ಯಾಕೆ ಬೇಕಾಯಿತು ಎಂದರೆ, ಆ ಗೋಡೆಯ ಕತೆ ಹೇಳಬೇಕು.

ಒಂದು ಕಾಲಕ್ಕೆ ಅದು ಒಂದೇ ಮನೆ, ಒಂದೇ ಅಡಿಗೆಮನೆ. ಹಿರಿಸೊಸೆ ಸರ್ವಮಂಗಳ ಅಚ್ಚುಕಟ್ಟಿನ ಹೆಂಗಸು. ಅವರ ಪ್ರತಿ ಡಬ್ಬಕ್ಕೂ ಚೀಟಿ: ಸಕ್ಕರೆ, ತೊಗರಿಬೇಳೆ, ಮೆಂತ್ಯ. ಚೀಟಿ ಓದಿದರೆ ಮುಗಿಯಿತು, ಮುಚ್ಚಳ ತೆಗೆದು ನೋಡುವ ಪ್ರಶ್ನೆಯೇ ಇಲ್ಲ. ಕಿರಿಸೊಸೆ ವನಜಾಕ್ಷಿ ಹಾಗಲ್ಲ. ಮಾಲ್ಟಿನ ಬಾಟಲಿಯಲ್ಲಿ ಹುಣಸೆಹಣ್ಣು, ಬೇಬಿ ಪೌಡರಿನ ಡಬ್ಬದಲ್ಲಿ ಅರಿಸಿನ. ಅವಳು ಏನು ಬೇಕಾದರೂ ಮುಚ್ಚಳ ತೆಗೆದು, ನೋಡಿ, ಮೂಸಿ, ಆಮೇಲೆ ಹಾಕುತ್ತಿದ್ದಳು. ಇಬ್ಬರ ಅಡಿಗೆಯೂ ಚೆನ್ನಾಗಿಯೇ ಆಗುತ್ತಿತ್ತು.

ಆದರೆ ಅತ್ತೆ ಚೆನ್ನಬಸಮ್ಮ ತೀರಿಕೊಂಡ ಮೊದಲನೇ ವರ್ಷದ ಸ್ಮರಣೆಯ ದಿನ, ಸರ್ವಮಂಗಳ 'ಸಕ್ಕರೆ' ಎಂಬ ಚೀಟಿಯ ಡಬ್ಬದಿಂದ ಪಾಯಸಕ್ಕೆ ಧಾರಾಳವಾಗಿ ಸುರಿದರು. ಅದಕ್ಕೆ ಹಿಂದಿನ ದಿನವೇ ವನಜಾಕ್ಷಿ ಪುಡಿಯುಪ್ಪು ತುಂಬಿಸಿಟ್ಟಿದ್ದಳು. ಎಡೆ ಇಡುವ ಅಡಿಗೆಯನ್ನು ಮೊದಲೇ ರುಚಿ ನೋಡುವಂತಿಲ್ಲವಲ್ಲ! ಅತ್ತೆಯ ಪಟಕ್ಕೆ ಎಡೆಯಾಗಿ, ಐನೋರು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ವಿಷಯ ಹೊರಬಿದ್ದದ್ದು. ಸರ್ವಮಂಗಳ ತವರಿನವರ ಎದುರು ತಲೆ ಎತ್ತದ ಹಾಗಾಯಿತು.

"ಸಕ್ಕರೆ ಅಂತ ಬರೆದಿದ್ರೆ ಸಕ್ಕರೆ ಇರಬೇಕು!"

"ಅಕ್ಕ, ಒಂದು ಸಲ ಮುಚ್ಚಳ ತೆಗೆದು ನೋಡಬಾರದಿತ್ತಾ?"

ಈ ಎರಡು ಮಾತಿನ ನಡುವೆ ಗೋಡೆ ಎದ್ದಿತು. ಮೂಡಲ ಮನೆ ಅಣ್ಣನಿಗೆ, ಪಡುವಲ ಮನೆ ತಮ್ಮನಿಗೆ. ವನಜಾಕ್ಷಿಗೆ ಅದೇ ದೊಡ್ಡ ಕೊರಗಾಯಿತು. ಮದುವೆಯಾಗಿ ಬಂದಾಗ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದು ಅದೇ ಅಕ್ಕ. ಓರಗಿತ್ತಿ ಎನ್ನುವುದಕ್ಕಿಂತ ಒಡಹುಟ್ಟು ಎನ್ನಬೇಕು. ಈಗ ಬೀದಿಯಲ್ಲಿ ಎದುರಾದರೆ 'ಊಟ ಆಯ್ತಾ' ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗುತ್ತಿದ್ದರು.

ಅಣ್ಣತಮ್ಮಂದಿರ ನಡುವೆಯೂ ಇಂಥದೇ ಒಂದು ಜಗಳವಿತ್ತು, ಕಂಪ್ಯೂಟರಿನದು. ಆರಾಧ್ಯರು ಪ್ರೋಗ್ರಾಂ ಬರೆಯುವ ಭಾಷೆ ಮಹಾ ಕಟ್ಟುನಿಟ್ಟಿನದು: ಯಾವ ಹೆಸರಿನೊಳಗೆ ಯಾವ ಬಗೆಯ ವಸ್ತು ಎಂದು ಮೊದಲೇ ಬರೆದುಕೊಡಬೇಕು. ಕಾಲೇಜಿನಲ್ಲಿ ಪಾಠ ಹೇಳುವ ರೇಣುಕನ ಭಾಷೆ ಸಡಿಲ: ಯಾವುದರಲ್ಲಿ ಏನು ಬೇಕಾದರೂ ಹಾಕು, ಕೆಲಸ ಮಾಡುವಾಗ ನೋಡಿಕೊಂಡರಾಯಿತು. "ನಿನ್ನದು ಭಾಷೆಯೋ, ಸಂತೆಯೋ!" ಎಂದು ಅಣ್ಣ. "ನಿನ್ನದು ಭಾಷೆಯೋ, ಜೈಲೋ!" ಎಂದು ತಮ್ಮ. ಹೊಸಿಲಪ್ಪನಿಗೆ ಎರಡೂ ಬೇಕಾದವು. ವಸ್ತುವನ್ನು ನೋಡಿ ಗುರುತು ಹಿಡಿಯುವ ಭಾಗ ತಮ್ಮನದು, ಅದನ್ನು ಮಾರ್ಪಡಿಸುವ ಭಾಗ ಅಣ್ಣನದು.

"ಬೆರೆಸಿದಾಗಲೇ ಕಣಮ್ಮ ಫಜೀತಿ," ಎಂದು ಆರಾಧ್ಯರು ವನಜಾಕ್ಷಿಗೆ ವಿವರಿಸಿದ್ದರು. "ಚೀಟಿ ನಂಬೋ ಭಾಷೆಗೆ ಚೀಟಿ ಇಲ್ಲದ ಭಾಷೆಯಿಂದ ಒಂದು ವಸ್ತು ಬರುತ್ತೆ. ನಂಬೋದಾ, ಬಿಡೋದಾ? ಅದಕ್ಕೇ ಗಡೀಲಿ ಒಬ್ಬ ನಿಂತು ತಪಾಸಣೆ ಮಾಡಬೇಕು. ಆಗೋದಾದ್ರೆ ಮಾರ್ಪಡಿಸಬೇಕು. ಆಗದಿದ್ರೆ ತಪ್ಪು ಯಾರದು ಅಂತ ಕೂಗಿ ಹೇಳಬೇಕು. ಪ್ರೋಗ್ರಾಮಿಗೆ ಮಾಡಿದ್ದನ್ನ ಮನೆಗೇ ಯಾಕೆ ಮಾಡಬಾರದು ಅಂತ ಹೊಳೀತು!"

ಸರ್ವಮಂಗಳ ಮಾತ್ರ ಒಂದು ಷರತ್ತು ಹಾಕಿದ್ದರು. "ಈ ವರ್ಷದ ಅತ್ತೆ ಸ್ಮರಣೆ ಮುಗಿಯೋವರೆಗೂ ನೋಡೋಣ. ಎರಡು ಅಡಿಗೆಮನೆ ಜಗಳ ಇಲ್ದೆ ನಡೆದ್ರೆ ಸರಿ. ಇಲ್ಲಾಂದ್ರೆ ಮೇಸ್ತ್ರಿ ಬರ್ತಾನೆ, ಗೋಡೆ ಏಳುತ್ತೆ. ಈ ಸಲ ಕಿಟಕಿಯೂ ಇಡಿಸಲ್ಲ!"

ವನಜಾಕ್ಷಿ ಆ ಚೌಕಟ್ಟಿಗೆ ದಿನಾ ಬೆಳಿಗ್ಗೆ ಕುಂಕುಮ ಇಡತೊಡಗಿದ್ದು ಅದಕ್ಕೇ.

* * *

ಮೊದಲ ನಾಲ್ಕು ದಿನ ಹಬ್ಬ! ಮಿಕ್ಕಿದ ಚಿತ್ರಾನ್ನವನ್ನು ಸ್ವೀಟಿನ ಡಬ್ಬದಲ್ಲಿ ಹಾಕಿ ದಾಟಿಸಿದರೆ ಆಚೆ ಕಡೆ ಮೈಸೂರುಪಾಕು! ತುಪ್ಪ ಜಿನುಗುತ್ತಿತ್ತು. ವನಜಾಕ್ಷಿ ಕೆಲಸ ಬಿಟ್ಟು ಚೌಕಟ್ಟಿನ ಮುಂದೆ ಕುಳಿತುಬಿಡುತ್ತಿದ್ದಳು. ಆ ನೀಲಿ ಬೆಳಕಿನೊಳಗೆ ಒಂದು ಕ್ಷಣ ಅಕ್ಕಿಕಾಳುಗಳು ಕರಗಿ, ಏನೂ ಅಲ್ಲದ ಒಂದು ಮಿನುಗಾಗಿ, ಮತ್ತೆ ಇನ್ನೇನೋ ಆಗಿ ಗಟ್ಟಿಯಾಗುವುದನ್ನು ನೋಡುತ್ತಿದ್ದರೆ ಎದೆ ತುಂಬಿ ಬರುತ್ತಿತ್ತು. ಲೋಕವೆಲ್ಲ ಒಳಗೊಳಗೆ ಒಂದೇ ಹಿಟ್ಟು, ಮೇಲಿನ ಹೆಸರಷ್ಟೇ ಬೇರೆ ಎನ್ನಿಸಿ, ಒಗ್ಗರಣೆ ಸೀದದ್ದೂ ತಿಳಿಯುತ್ತಿರಲಿಲ್ಲ.

ಐದನೇ ದಿನ ಅವಳು ಅಕ್ಕಿ ಡಬ್ಬ ದಾಟಿಸಿದಳು. ಗುಂಯ್ ಎಂದವನು ನಡುವೆ ಗಕ್ಕನೆ ನಿಂತ. ತಲೆಯ ಮೇಲಿನ ಮೈಕು ಇಡೀ ಬೀದಿಗೆ ಕೇಳುವಂತೆ ಕಿರುಚಿತು:

"ಅಕ್ಕಿ ಡಬ್ಬದಲ್ಲಿ ಚಿನ್ನದ ವಾಲೆ! ಮಾರ್ಪಡಿಸಲು ಸಾಧ್ಯವಿಲ್ಲ! ತಪ್ಪು ಪಡುವಲ ಮನೆಯದು!"

"ಅಯ್ಯೋ, ಮೆತ್ತಗೋ!" ಎಂದು ವನಜಾಕ್ಷಿ ಮೈಕಿಗೆ ಬಟ್ಟೆ ತುರುಕಲು ಓಡಿದಳು. ಕಳ್ಳರ ಭಯಕ್ಕೆ ಅಕ್ಕಿಯೊಳಗೆ ಹುಗಿಸಿಟ್ಟ ವಾಲೆ ಈಗ ಬೀದಿಗೆಲ್ಲ ಗೊತ್ತಾಯಿತು!

ಅಲ್ಲಿಂದ ಶುರು. ಖಾಲಿ ಡಬ್ಬ ಹೋದರೆ, "ಸಕ್ಕರೆ ಇರಬೇಕಾದಲ್ಲಿ ಏನೂ ಇಲ್ಲ! ತಪ್ಪು ಪಡುವಲ ಮನೆಯದು!" ಮೂಡಲ ಮನೆಯ ಫ್ಯೂಸು ಹಾರಿದರೂ, "ತಪ್ಪು ಪಡುವಲ ಮನೆಯದು!" ಸೊಪ್ಪು ಮಾರುವ ಹೆಂಗಸು ಬಾಗಿಲಲ್ಲಿ ನಿಂತು, "ಏನಕ್ಕಾ, ಇವತ್ತೂ ನಿಮ್ದೇ ತಪ್ಪಾ?" ಎಂದು ಕೇಳಿ, ಬಾಡಿದ ಕೊತ್ತಂಬರಿ ಕೊಟ್ಟು ಹೋಗುವಷ್ಟು ಧೈರ್ಯ ಬೆಳೆಸಿಕೊಂಡಳು.

"ಭಾವ, ಒಂದು ಸಲಾನಾದ್ರೂ ಅಕ್ಕನ ಮನೆ ತಪ್ಪು ಅಂದಿದ್ಯಾ ಇದು?" ವನಜಾಕ್ಷಿಯ ಕಣ್ಣಲ್ಲಿ ನೀರಿತ್ತು.

"ಅನ್ನೋ ಹಾಗೇ ಇಲ್ಲ ಕಣಮ್ಮ. ಚೀಟಿ ಹಚ್ಚಿ ನಡೆಯೋರ ಮೇಲೆ ತಪ್ಪು ಬರೋದೇ ಇಲ್ಲ. ಗಣಿತದಲ್ಲಿ ಸಾಬೀತು ಮಾಡಿದಾರೆ!"

"ಅಣ್ಣ, ಅದನ್ನ ಸಾಬೀತು ಮಾಡಿದೋರೂ ಚೀಟಿಯವರೇ!" ಎಂದು ರೇಣುಕ ಒಳಗಿನಿಂದ ಕೂಗಿದ.

"ನೀನು ಸುಮ್ನಿರೋ! ನಿನ್ನ ಭಾಗ ನೆಟ್ಟಗಿದ್ದಿದ್ರೆ ಇವನು ಬಾಯೇ ಬಿಡ್ತಿರಲಿಲ್ಲ!"

ಆಚೆ ಕಡೆ ಸರ್ವಮಂಗಳ ಸೌತೆಕಾಯಿ ಹೆಚ್ಚುತ್ತಿದ್ದರು. ಮೊದಲೆರಡು ಸಲ 'ತಪ್ಪು ಪಡುವಲ ಮನೆಯದು' ಎಂದಾಗ ಅವರ ತುಟಿಯ ತುದಿಯಲ್ಲಿ ಸಣ್ಣ ನಗು ಮೂಡಿದ್ದನ್ನು ವನಜಾಕ್ಷಿ ಕಂಡಿದ್ದಳು. ಈಗ ಆ ನಗು ಇರಲಿಲ್ಲ.

* * *

ಆಮೇಲೆ ಮಿಕ್ಸಿಯ ಪ್ರಕರಣ ನಡೆಯಿತು.

ಮೂಡಲ ಮನೆಯ ಮಿಕ್ಸಿ ಸುಟ್ಟುಹೋಗಿ, ಪಡುವಲ ಮನೆಯದು ದಿನಾ ಹೋಗಿ ಬಂದು ಮಾಡತೊಡಗಿತು. ಹೊಸಿಲಪ್ಪ ಅದನ್ನು ಬಹಳ ಹೊತ್ತು ಗುಂಯ್‌ಗುಟ್ಟಿ ನೋಡಿದ. ಕೊನೆಗೆ ಅದರ ಸುತ್ತ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ, ಆರಪಾರ ಕಾಣುವ ಒಂದು ಪೊರೆ ಹೊದಿಸಿ ಬಿಟ್ಟ.

"ಇದೇನ್ರೀ ಇದು?" ಎಂದಳು ವನಜಾಕ್ಷಿ.

"ಕಾವಲು," ಎಂದ ರೇಣುಕ. "ಸಕ್ಕರೆ ಅಂದ್ರೆ ಈಗಲೇ ನೋಡಬಹುದು. ಮಿಕ್ಸಿ ಅಂದ್ರೆ ಕೆಲಸ ಮಾಡೋ ವಸ್ತು. ಏನು ಹಾಕ್ತಾರೆ, ಏನು ಬರುತ್ತೆ ಅಂತ ಹಾಕಿದಾಗ ತಾನೆ ಗೊತ್ತಾಗೋದು? ಅದಕ್ಕೇ ಈ ಪೊರೆ ಜೊತೇಲೇ ಹೋಗಿ ಅಲ್ಲಿ ಕಾಯ್ತಿರುತ್ತೆ."

"ವಾಪಸ್ ಬಂದಾಗ ಪೊರೆ ತೆಗೀತಾನಾ?"

ರೇಣುಕ ತಲೆ ಕೆರೆದುಕೊಂಡ. "ಅದನ್ನ ಬರೀಬೇಕಾದದ್ದು ಅಣ್ಣನೋ ನಾನೋ ಅಂತ ಇನ್ನೂ ತೀರ್ಮಾನ ಆಗಿಲ್ಲ."

ಹೀಗಾಗಿ ಹೋದಾಗ ಒಂದು, ಬಂದಾಗ ಒಂದು. ವಾರ ಕಳೆಯುವುದರೊಳಗೆ ಮಿಕ್ಸಿ ಬೂದುಗುಂಬಳದಷ್ಟು ಊದಿಕೊಂಡಿತು. ಒಂದು ಬೆಳಿಗ್ಗೆ ವನಜಾಕ್ಷಿ ಚಟ್ನಿಗೆ ಕಾಯಿತುರಿ ಹಾಕಿ ಗುಂಡಿ ಒತ್ತಿದಳು. ಮಿಕ್ಸಿ ತಿರುಗಲಿಲ್ಲ. ಬದಲಿಗೆ ಎಲ್ಲಿಂದಲೋ ಸೊಳ್ಳೆಯಂಥ ದನಿ ಕೇಳಿತು.

"ಕಾಯಿತುರಿ ಬಂದಿದೆ. ಕಾಯಿತುರಿಯೇ ತಾನೆ?"

"ಕಾಯಿತುರಿಯೇ. ಒಳಗಿನವರನ್ನು ಕೇಳಿ ಹೇಳುತ್ತೇನೆ."

"ಒಳಗಿನವರೇ, ಕಾಯಿತುರಿಯೇ ತಾನೆ?"

ಹೊರಪೊರೆ ಒಳಪೊರೆಯನ್ನು, ಅದು ಅದರೊಳಗಿನದನ್ನು ಕೇಳುತ್ತಾ ಕೇಳುತ್ತಾ ಮಾತು ಒಳಗಿಳಿಯಿತು. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವ ಹೆಂಗಸರಂತೆ, ಒಬ್ಬರಿಂದೊಬ್ಬರಿಗೆ, ಒಂದು ತೊಟ್ಟೂ ಚೆಲ್ಲದಂತೆ! ಬೆಳಗಿನ ಇಡ್ಲಿಗೆ ಒತ್ತಿದ ಗುಂಡಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಚಟ್ನಿ ಬಂತು. ರೇಣುಕ ಒಣ ಇಡ್ಲಿ ತಿಂದು ಕಾಲೇಜಿಗೆ ಹೋಗಿದ್ದ. ವನಜಾಕ್ಷಿ ಮಾತ್ರ ಅಲ್ಲಿಂದ ಏಳಲಿಲ್ಲ. ಒಂದು ಹಿಡಿ ಕಾಯಿತುರಿಗೆ ಇಷ್ಟು ಜನ ಇಷ್ಟು ನಿಯತ್ತಿನಿಂದ ನಿಂತಿದ್ದಾರಲ್ಲ ಎಂದು ಅವಳಿಗೆ ಆಶ್ಚರ್ಯವೋ ಆಶ್ಚರ್ಯ. ತಾನೂ ಅಕ್ಕನೂ ಒಂದು ಮಾತು ದಾಟಿಸಿಕೊಳ್ಳಲಾರದೆ ಕುಳಿತಿದ್ದೇವೆ ಎಂದು ನಾಚಿಕೆಯೂ ಆಯಿತು.

* * *

ಅತ್ತೆಯ ಸ್ಮರಣೆಯ ದಿನ ಬಂದೇಬಿಟ್ಟಿತು. ಮೂಡಲ ಮನೆಯ ಹಜಾರದಲ್ಲಿ ಪಟಕ್ಕೆ ಹೂವಿನ ಹಾರ, ಕೆಳಗೆ ಎಡೆಗೆ ಜಾಗ, ಐನೋರೂ ನೆಂಟರೂ ಸಾಲಾಗಿ ಎಲೆಯ ಮುಂದೆ. ಪಾಯಸ, ಪಲ್ಯ ಸರ್ವಮಂಗಳರದು. ಅನ್ನ, ಹುಳಿ ವನಜಾಕ್ಷಿಯದು.

"ಇವತ್ತು ಯಾವ ಪಾತ್ರೆ ಮೇಲೂ ಚೀಟಿ ಇರಕೂಡದು," ಎಂದು ಆರಾಧ್ಯರು ಅಪ್ಪಣೆ ಮಾಡಿದ್ದರು. "ಹೆಸರಿಲ್ಲದ್ದು ಹೇಗಿದೆಯೋ ಹಾಗೇ ದಾಟುತ್ತೆ. ರಗಳೆಯೇ ಇಲ್ಲ!"

ವನಜಾಕ್ಷಿ ಬಿಸಿನೀರು ಹಾಕಿ ಒಂದೊಂದೇ ಚೀಟಿ ಕೆರೆದು ತೆಗೆದಿದ್ದಳು. ಇವತ್ತೊಂದು ದಿನ ಆ ಮೈಕು ಬಾಯಿ ತೆರೆಯದಿದ್ದರೆ ಸಾಕು. ಅಷ್ಟು ಜನರ ಎದುರು ಇನ್ನೊಂದು ಸಲ 'ಪಡುವಲ ಮನೆಯದು' ಎಂದರೆ ಗೋಡೆ ಏಳುವುದು ಖಂಡಿತ. ಅವಳು ಹುಳಿಯ ಕೊಳಗಕ್ಕೆ ಮುಚ್ಚಳ ಮುಚ್ಚಿ, ರೇಣುಕನ ಜೊತೆ ಎತ್ತಿ ಮಣೆಯ ಮೇಲಿಟ್ಟಳು.

ಅದು ಅತ್ತೆಯ ತವರಿನಿಂದ ಬಂದ, ಕಲಾಯಿ ಹಾಕಿಸಿದ ಹಿತ್ತಾಳೆ ಕೊಳಗ. ನಮ್ಮ ಕಡೆ ಬಳುವಳಿ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸುತ್ತಾರೆ, ಮದುವೆಮನೆಗೆ ಎರವಲು ಕೊಟ್ಟಾಗ ಅದಲುಬದಲಾಗದಿರಲಿ ಎಂದು. ಹೊಗೆ ಹಿಡಿದು ಕಪ್ಪಾದ ಕಂಠದ ಕೆಳಗೆ, ಯಾರ ನೆನಪಿಗೂ ಬಾರದೆ, ಆ ಚುಕ್ಕಿಗಳು ಇದ್ದೇ ಇದ್ದವು: 'ಚೆನ್ನಬಸಮ್ಮ'.

ಹೊಸಿಲಪ್ಪ ಗುಂಯ್ ಎನ್ನಲಿಲ್ಲ. ಈ ಸಲ ದೇವಸ್ಥಾನದ ಗಂಟೆ ನಿಂತ ಮೇಲೂ ಗಾಳಿಯಲ್ಲಿ ಉಳಿಯುವಂಥ ಒಂದು ಕಂಪನ ಎದ್ದಿತು. ನೀಲಿ ಬೆಳಕು ಅರಿಸಿನದ ಬಣ್ಣಕ್ಕೆ ತಿರುಗಿತು. ಕೊಳಗದ ಸುತ್ತ ಪೊರೆಯ ಮೇಲೆ ಪೊರೆ, ಪೊರೆಯ ಮೇಲೆ ಪೊರೆ!

"ಏನು ಬರೆದಿದೆಯೇ ಅದರ ಮೇಲೆ?" ಎಂದು ಆರಾಧ್ಯರು ಕೂಗುವಷ್ಟರಲ್ಲಿ ಕೊಳಗ ಆಚೆ ಜಾರಿತ್ತು. ಸರ್ವಮಂಗಳ ಮುಚ್ಚಳ ತೆಗೆದು, ಎಡೆಗೆಂದು ಸೌಟು ಅದ್ದಿದರು.

"ಯಾರೇ ಅದು, ಸೌಟು ತಳಕ್ಕೆ ಬಡಿಯೋದು? ಕಲಾಯಿ ಕಿತ್ತುಹೋಗಲ್ವೇನೇ?"

ಸೌಟು ಕೈಜಾರಿ ಬಿತ್ತು. ಅದು ಚೆನ್ನಬಸಮ್ಮನವರ ದನಿ! ಅದೇ ಗತ್ತು, ಅದೇ ಕೊಂಚ ಒಡಕು. ಕೊಳಗದಿಂದ ಏಳುವ ಹಬೆಯಲ್ಲಿ ವಿಭೂತಿ ಮತ್ತು ಎಲೆಯಡಿಕೆಯ ಪರಿಮಳವಿತ್ತು. ವನಜಾಕ್ಷಿ ನಿಂತಲ್ಲೇ ತಲೆಯ ಮೇಲೆ ಸೆರಗೆಳೆದುಕೊಂಡಳು. ಆಚೆ ಕಡೆ ಸರ್ವಮಂಗಳರೂ ಸೆರಗೆಳೆದುಕೊಂಡಿದ್ದರು. ಐನೋರು ಎಲೆಯ ಮುಂದಿನಿಂದ ಅರ್ಧ ಎದ್ದು ಹಾಗೇ ನಿಂತರು.

"ಅಮ್ಮಾ?" ಎಂದರು ಆರಾಧ್ಯರು. ಅಷ್ಟು ದೊಡ್ಡ ಮನುಷ್ಯರ ದನಿ ಎಳೆಮಗುವಿನ ಹಾಗಾಗಿತ್ತು.

"ನಂಜುಂಡ, ಅಡಿಗೆಮನೇಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದೀಯೇನೋ?"

ಮೆಟ್ಟಿಕೊಂಡಿದ್ದರು! ಎರಡೇ ಹೆಜ್ಜೆಗೆ ಹೊರಗೆ ಹೋಗಿ ಬಿಟ್ಟು ಬಂದರು.

ಅಷ್ಟರಲ್ಲಿ ಮೈಕು ಕೊಸರಾಡಿತು. "ಒಳಗಿರುವುದು ಹುಳಿ! ಬರೆದಿರುವುದು ಚೆನ್ನಬಸಮ್ಮ! ತಪ್ಪು ಪಡುವ..."

"ಮುಚ್ಚೋ ಬಾಯಿ!" ಎಂದಿತು ಕೊಳಗ. "ಯಾವನೋ ನೀನು, ನನ್ನ ಸೊಸೇನ ಅನ್ನೋಕೆ? ಅನ್ನೋದಿದ್ರೆ ನಾನು ಅಂತೀನಿ!"

ಮೈಕು ಮಾತನ್ನು ನುಂಗಿತು. ಇಷ್ಟು ದಿನದಲ್ಲಿ ಮೊದಲ ಸಲ! ವನಜಾಕ್ಷಿಗೆ ಅಳು ತಡೆಯಲಾಗಲಿಲ್ಲ.

"ಅಳೋದು ಆಮೇಲೆ. ಹುಳಿಗೆ ಉಪ್ಪೇ ಇಲ್ವಲ್ರೇ! ಒಳಗೇ ಇದೀನಲ್ಲ, ನನಗೆ ಗೊತ್ತಾಗಲ್ವೇ? ಯಾರು ಹಾಕ್ಬೇಕಿತ್ತು?"

"ಹೆದರಿಕೆ ಆಯ್ತು ಅತ್ತೆ," ಎಂದಳು ವನಜಾಕ್ಷಿ. "ಉಪ್ಪಿನ ಡಬ್ಬ ಮುಟ್ಟೋಕೇ ಕೈ ಬರಲಿಲ್ಲ. ಅಕ್ಕ ಹಾಕ್ತಾರೆ ಅಂದ್ಕೊಂಡೆ."

"ಅವಳು ಹಾಕಿರ್ತಾಳೆ ಅಂತ ನಾನಂದ್ಕೊಂಡೆ ಅತ್ತೆ," ಎಂದರು ಸರ್ವಮಂಗಳ.

"ನೀವು ಅಂದ್ಕೊಳ್ತಾ ಕೂತ್ಕೊಳ್ಳಿ, ಬಂದೋರು ಸಪ್ಪೆ ಹುಳಿ ಉಣ್ಣಲಿ! ಉಪ್ಪು ಹಾಕಿ ಒಂದು ಕುದಿ ಕುದಿಸ್ರೇ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಅತ್ತೆಯನ್ನು ಒಲೆಯ ಮೇಲಿಡುವುದೇ! ಎಂಥ ಸೊಸೆಯ ಮನಸ್ಸಿನಲ್ಲಿ ಎಂಥ ಆಸೆ ಇದ್ದರೂ, ಅಷ್ಟು ಜನ ನೆಂಟರ ಎದುರು ಅದು ಸಾಧ್ಯವೇ?

"ಆ ಕಡೆ ದಾಟಿಸಿದ್ರೆ ಬರೀ ಹುಳಿ ಆಗುತ್ತೆ," ಎಂದ ರೇಣುಕ ಮೆಲ್ಲಗೆ. "ಆಮೇಲೆ ಕುದಿಸಬಹುದು."

"ಬೇಡ!" ಆರಾಧ್ಯರು ಕೊಳಗಕ್ಕೆ ಅಡ್ಡ ನಿಂತರು. "ದಾಟಿಸಿದ್ರೆ ಅಮ್ಮ ಹೋಗಿಬಿಡ್ತಾಳೆ! ಹುಳಿ ಇಲ್ದಿದ್ರೆ ಸಾರು ಮಾಡಿ. ಅಮ್ಮ ಇಲ್ಲೇ ಇರಲಿ!"

"ನಾಳೆ ಬೆಳಿಗ್ಗೆಗೆ ಹಳಸಿಹೋಗ್ತೀನಲ್ಲೋ ನಂಜುಂಡ," ಎಂದಿತು ಕೊಳಗ. ಆ ದನಿಯಲ್ಲಿ ಗತ್ತು ಇಳಿದಿತ್ತು. "ಹಸಿದು ಕೂತಿದಾರೆ, ನೋಡು. ಅಡ್ಡ ಬಿಡಪ್ಪ. ಇಬ್ಬರೂ ಒಂದೊಂದು ಕಿವಿ ಹಿಡ್ಕೊಳ್ರೇ. ಒಬ್ಬಳ ಕೈಲಿ ಆಗೋ ಭಾರ ಅಲ್ಲ ಇದು."

ಕೊಳಗ ಇದ್ದದ್ದು ಮೂಡಲ ಮನೆಯಲ್ಲಿ, ವನಜಾಕ್ಷಿ ನಿಂತದ್ದು ಪಡುವಲ ಮನೆಯಲ್ಲಿ. ಇದುವರೆಗೆ ಮನುಷ್ಯರು ಯಾರೂ ಆ ಚೌಕಟ್ಟು ದಾಟಿರಲಿಲ್ಲ. ಅಕ್ಕಿಕಾಳು ಕರಗಿ ಮಿನುಗಾಗಿದ್ದು ಅವಳ ಕಣ್ಣ ಮುಂದೆ ಬಂತು. ಆದರೂ ಹೊಸಿಲಿಗೆ ಕಾಲಿಟ್ಟಳು. ಬೆಳಕು ಮೈಯೆಲ್ಲ ಸವರಿತು, ಒದ್ದೆ ಬಟ್ಟೆ ಹೊದಿಸಿದ ಹಾಗೆ ತಣ್ಣಗೆ. ಹೊಸಿಲಪ್ಪ ಗಕ್ಕನೆ ನಿಂತ.

"ಚೀಟಿ ಇಲ್ಲ! ಯಾರಿದು? ಯಾರಿದು?"

ತಾನು ಯಾರೆಂದು ತಕ್ಷಣಕ್ಕೆ ವನಜಾಕ್ಷಿಗೇ ಹೊಳೆಯಲಿಲ್ಲ.

"ನಮ್ಮ ವನಜ ಕಣೋ!" ಸರ್ವಮಂಗಳ ಗದರಿದರು. "ಯಾವ ಚೀಟಿ ಕೇಳ್ತೀಯ ಅವಳನ್ನ? ನಾನು ಹೇಳ್ತಿದೀನಲ್ಲ, ಬಿಡು!" ಎಂದು ಕೈಚಾಚಿ ಅವಳ ರಟ್ಟೆ ಹಿಡಿದು ಈಚೆಗೆಳೆದುಕೊಂಡರು.

ಹೇಗಿದ್ದಳೋ ಹಾಗೇ ದಾಟಿದಳು.

ಒಬ್ಬೊಬ್ಬರು ಒಂದೊಂದು ಕಿವಿ ಹಿಡಿದು ಕೊಳಗ ಎತ್ತಿದರು. ಆರಾಧ್ಯರು ಪಕ್ಕದಲ್ಲಿ ಹಬೆಯನ್ನು ಮುಟ್ಟಿಕೊಂಡು ಹೊಸಿಲಿನವರೆಗೆ ಬಂದರು.

"ವನಜ, ನೀನು ಇನ್ಮೇಲಾದ್ರೂ..." ಎಂದಿತು ಕೊಳಗ, ಹೊಸಿಲು ದಾಟುತ್ತಾ. ಅಷ್ಟೇ. ಪಡುವಲ ಮನೆಯಲ್ಲಿ ಇಳಿಸಿದಾಗ ಅದರಲ್ಲಿ ಬರೀ ಹುಳಿ ಇತ್ತು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಇತ್ತು. ಸರ್ವಮಂಗಳ ಒಲೆ ಹಚ್ಚಿ, "ಉಪ್ಪೆಲ್ಲೇ?" ಎಂದರು. ವನಜಾಕ್ಷಿ ಡಬ್ಬ ಕೊಟ್ಟಳು. ಅವರು ಮುಚ್ಚಳ ತೆಗೆದು ನೋಡಿ ಹಾಕಿದರು. ಕುದಿ ಬಂದ ಮೇಲೆ ಹೆಸರಿಲ್ಲದ ಬಕೆಟ್ಟಿಗೆ ಸುರಿದು ಬಡಿಸಿದರು. ಐನೋರು ಮೂರು ಸಲ ಹಾಕಿಸಿಕೊಂಡರು.

* * *

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದ. ಮುಂಚೆಯೇ ಹೇಳಿಟ್ಟಿದ್ದರಿಂದ ಇಟ್ಟಿಗೆ, ಗಾರೆ, ಕರಣೆ ಎಲ್ಲ ತಂದಿದ್ದ. 'ಬೇಡ ಹೋಗಪ್ಪ' ಎನ್ನಲು ಸರ್ವಮಂಗಳ ಬಾಯಿ ತೆರೆಯುವಷ್ಟರಲ್ಲಿ, ಅವನು ಅಳತೆಗೆಂದು ಚೌಕಟ್ಟಿನ ಮೇಲೆ ಕೈಯಿಟ್ಟಿದ್ದ.

"ಯಾವನೋ ಅದು, ಕೈಕಾಲು ತೊಳೀದೆ ಅಡಿಗೆಮನೆಗೆ ಬಂದಿರೋನು?"

ಮೈಕಿನಿಂದ! ಮೇಸ್ತ್ರಿ ಕರಣೆಯನ್ನು ಅಲ್ಲೇ ಬಿಟ್ಟು ಓಡಿದ. ಆಮೇಲೆ ಅದನ್ನು ಕೇಳಲೂ ಬರಲಿಲ್ಲ.

ಆರಾಧ್ಯರೂ ರೇಣುಕನೂ ತಲೆಗೆ ತಲೆ ಕೊಟ್ಟು ನೋಡಿದರು. ಕೊಳಗ ದಾಟುವಾಗ ಕಳಚಿದ ಪೊರೆಗಳೆಲ್ಲ ಚೌಕಟ್ಟಿಗೇ ಅಂಟಿಕೊಂಡಿದ್ದವು. ಅಮ್ಮನನ್ನು ಕಾಯಲು ಹೋದ ಕಾವಲಿನವರು ಅಮ್ಮನನ್ನೇ ಕಲಿತುಬಿಟ್ಟಿದ್ದರು! ಬಿಡಿಸುವುದು ಹೇಗೆಂದು ಅಣ್ಣನ ಭಾಷೆಗೂ ತಿಳಿಯದು, ತಮ್ಮನ ಭಾಷೆಗೂ ತಿಳಿಯದು. ನಿಜ ಹೇಳಬೇಕೆಂದರೆ ಇಬ್ಬರಿಗೂ ಬಿಡಿಸುವ ಮನಸ್ಸೂ ಇರಲಿಲ್ಲ.

ಅಂದಿನಿಂದ ಹೊಸಿಲಪ್ಪ ಏನನ್ನೂ ಮಾರ್ಪಡಿಸುವುದಿಲ್ಲ. ಕಾಫಿ ಡಬ್ಬದಲ್ಲಿ ಮೆಂತ್ಯ ಹೋದರೆ, "ವನಜ, ಎಷ್ಟು ಸಲ ಹೇಳ್ಬೇಕೇ ನಿನಗೆ?" ಎಂಬ ದನಿ ಬರುತ್ತದೆ. ಬೆನ್ನಿಗೇ, "ಸರ್ವಮಂಗಳ, ಬರೀ ಚೀಟಿ ಓದ್ತೀಯಲ್ಲ, ಮುಚ್ಚಳ ತೆಗೆಯೋಕೆ ಕೈಗೇನಾಗಿದೆ?" ಎಂದೂ ಬರುತ್ತದೆ. ಆರಾಧ್ಯರಿಗಂತೂ ದಿನಕ್ಕೊಂದು ಪಾಲು ಇದ್ದೇ ಇದೆ. ತಪ್ಪು ಈಗ ಎಲ್ಲರ ಮನೆಗೂ ಸಮನಾಗಿ ಹಂಚಿಕೆಯಾಗುತ್ತದೆ. ಅಕ್ಕತಂಗಿಯರಂತೆ ಇಬ್ಬರೂ ಆ ಹೊಸಿಲಿನ ಎರಡು ಬದಿ ಕುಳಿತು ಸೊಪ್ಪು ಬಿಡಿಸುತ್ತಾ, ಬೈಸಿಕೊಳ್ಳುತ್ತಾ, ಸೆರಗಿನಲ್ಲಿ ನಗುತ್ತಾರೆ. ಗೋಡೆಯ ಮಾತನ್ನು ಯಾರೂ ಎತ್ತುವುದಿಲ್ಲ. ಅತ್ತೆಯನ್ನು ಇಟ್ಟಿಗೆಯಿಟ್ಟು ಮುಚ್ಚುವ ಧೈರ್ಯ ಯಾರಿಗಿದೆ?

ಸೊಪ್ಪಿನವಳು ಒಂದು ದಿನ ಬಾಗಿಲಲ್ಲಿ ನಿಂತು, ಇದನ್ನೆಲ್ಲ ಕೇಳಿ, ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಅಲ್ಲಕ್ಕಾ, ಅತ್ತೆ ಬದುಕಿದ್ದಾಗ್ಗೂ ಈಗ್ಗೂ ಏನಾದ್ರೂ ವ್ಯತ್ಯಾಸ ಇದ್ಯಾ?"

ವನಜಾಕ್ಷಿ ಸೊಪ್ಪಿನ ಕಟ್ಟು ಬಿಚ್ಚುತ್ತಾ ಮೈಕಿನ ಕಡೆ ನೋಡಿದಳು.

"ಇದೆ ಕಣಮ್ಮ," ಎಂದಳು. "ಈಗ ಕರೆಂಟು ಹೋದಾಗ ಸ್ವಲ್ಪ ಹೊತ್ತು ಸುಮ್ನಿರ್ತಾರೆ."